‘ಮೊದಲ ಮಹಿಳೆ’ ಎಂಬ ಪಟ್ಟದ ಹಿಂದೆ



‘ಮೊದಲ ಮಹಿಳೆ’ ಎಂಬ ಪಟ್ಟ ಕಂಡರೆ ನನಗೆ ಅನುಮಾನ. ಒಬ್ಬಳನ್ನು ಅಟ್ಟಕ್ಕೇರಿಸಿ ಅವಳ ಜೊತೆ ದುಡಿದ ನೂರು ಜನರನ್ನು ಮರೆಸಲು ಇದಕ್ಕಿಂತ ಸುಲಭದ ದಾರಿಯಿಲ್ಲ. ಈಡಿತ್ ಕೋವನ್ ವಿಷಯದಲ್ಲೂ ಹೀಗೇ ಆಗಿದೆ. 1921ರಲ್ಲಿ ಪಶ್ಚಿಮ ಆಸ್ಟ್ರೇಲಿಯಾ ರಾಜ್ಯದ ಶಾಸನಸಭೆಗೆ ಗೆದ್ದ ಈಕೆ ಆ ದೇಶದಲ್ಲೇ ಶಾಸಕಿಯಾದ ಮೊದಲ ಹೆಂಗಸು. 1995ರಿಂದ ಅಲ್ಲಿನ ಐವತ್ತು ಡಾಲರ್ ನೋಟಿನ ಮೇಲೆ ಈಕೆಯ ಮುಖವಿದೆ.

ಈ ಮುಖ ಎಂಥ ಮನೆಯಿಂದ ಬಂತು? ಏಳನೇ ವಯಸ್ಸಿಗೆ ಹೆರಿಗೆಯಲ್ಲಿ ತಾಯಿ ತೀರಿಕೊಂಡಳು. ಹುಡುಗಿಯನ್ನು ಪರ್ತ್ ನಗರದ ವಸತಿ ಶಾಲೆಗೆ ಹಾಕಿದರು. ತಂದೆ ಇನ್ನೊಂದು ಮದುವೆಯಾದ. 1876ರಲ್ಲಿ ಆ ಎರಡನೇ ಹೆಂಡತಿಯನ್ನು ಗುಂಡಿಟ್ಟು ಕೊಂದ. ಅದೇ ವರ್ಷ ಅವನನ್ನು ಗಲ್ಲಿಗೇರಿಸಿದರು. ಮಗಳಿಗೆ ಆಗ ಹದಿನಾಲ್ಕು. ಇದು ಬಡವರ ಮನೆಯಲ್ಲ, ಜಮೀನು ಜಾನುವಾರು ಇದ್ದ ಮನೆತನ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ನಗುವವರು ಕೇಳಿಸಿಕೊಳ್ಳಲಿ: ಈ ಮನೆಯಲ್ಲಿ ಅದು ಮಸಣದ ತನಕ ಹೋಯಿತು.

‘ಕಷ್ಟ ಉಂಡವಳು, ಅದಕ್ಕೇ ದೊಡ್ಡವಳಾದಳು’ ಎಂದು ಕೆಲವರು ಕಥೆ ಮುಗಿಸುತ್ತಾರೆ. ನಾನು ಒಪ್ಪುವುದಿಲ್ಲ. ಕಷ್ಟ ಉಂಡವರೆಲ್ಲ ದೊಡ್ಡವರಾಗುವುದಾದರೆ ನಮ್ಮಲ್ಲಿ ಯಾರು ಸಣ್ಣವರಾಗಿ ಉಳಿಯುತ್ತಿದ್ದರು? ಅವಳನ್ನು ಬೆಳೆಸಿದ್ದು ಸಂಘ. 1894ರಲ್ಲಿ ಪರ್ತ್‌ನ ಕೆಲವು ಹೆಂಗಸರು ಕರ್ರಕಟ್ಟಾ ಕ್ಲಬ್ ಕಟ್ಟಿಕೊಂಡರು. ಸೇರುವುದು, ಓದುವುದು, ನಾಲ್ಕು ಜನರ ಮುಂದೆ ಎದ್ದು ನಿಂತು ಮಾತಾಡಲು ಕಲಿಯುವುದು. ಐದು ಮಕ್ಕಳ ತಾಯಿ ಈಡಿತ್ ಅಲ್ಲಿ ಕಲಿತಳು. 1899ರಲ್ಲಿ ಆ ರಾಜ್ಯದ ಹೆಂಗಸರಿಗೆ ಮತದ ಹಕ್ಕು ಬಂತು. 1906ರಲ್ಲಿ ಮಕ್ಕಳ ರಕ್ಷಣೆಗೆ ಸಂಘ, ಮರುವರ್ಷ ಮಕ್ಕಳಿಗೇ ಬೇರೆ ನ್ಯಾಯಾಲಯ, 1916ರಲ್ಲಿ ಹೆರಿಗೆ ಆಸ್ಪತ್ರೆ. ಶಾಸನಸಭೆಯ ಮೂರು ವರ್ಷದ ಹಿಂದೆ ಇಂಥ ಇಪ್ಪತ್ತೇಳು ವರ್ಷದ ದುಡಿಮೆಯಿತ್ತು. ಆದರೆ ಚರಿತ್ರೆ ಬರೆಯುವವರ ಕಣ್ಣಿಗೆ ಬೀಳುವುದು ಕುರ್ಚಿ ಮಾತ್ರ!

ಹೆಂಗಸರೂ ಚುನಾವಣೆಗೆ ನಿಲ್ಲಬಹುದೆಂಬ ಕಾನೂನು ಬಂದದ್ದು 1920ರಲ್ಲಿ. ಅದನ್ನು ತಂದವರು ಅಟಾರ್ನಿ ಜನರಲ್ ಥಾಮಸ್ ಡ್ರೇಪರ್. ಮರುವರ್ಷ ಈಡಿತ್ ಅವರ ಕ್ಷೇತ್ರದಲ್ಲೇ ನಿಂತು, ಸ್ವಲ್ಪವೇ ಮತಗಳಿಂದ ಅವರನ್ನೇ ಸೋಲಿಸಿದಳು. ನನಗಂತೂ ಇದರಲ್ಲಿ ಕೃತಘ್ನತೆ ಕಾಣುವುದಿಲ್ಲ. ಹಕ್ಕಿಗೆ ಬಾಗಿಲು ತೆರೆದವರಿಗೆ ಸೀಟನ್ನೂ ಬಿಟ್ಟುಕೊಡಬೇಕೆಂದು ಯಾವ ಶಾಸ್ತ್ರದಲ್ಲಿದೆ?

ಉಯಿಲು ಬರೆಯದೆ ಮಗ ಅಥವಾ ಮಗಳು ಸತ್ತರೆ, ಹೆತ್ತವಳಿಗೆ ತಂದೆಯಷ್ಟು ಪಾಲು ಸಿಗುತ್ತಿರಲಿಲ್ಲ. 1922ರಲ್ಲಿ ಈಡಿತ್ ಅದನ್ನು ಸರಿಪಡಿಸುವ ತಿದ್ದುಪಡಿ ತಂದಳು. 1923ರಲ್ಲಿ ಆಕೆ ತಂದ ಇನ್ನೊಂದು ಕಾನೂನಿನಿಂದ ಹೆಂಗಸರು ವಕೀಲರಾಗುವ ದಾರಿ ತೆರೆಯಿತು. ಹೆಂಡತಿಯನ್ನು ಕೊಂದ ಅಪ್ಪನ ವಿಚಾರಣೆ ನಡೆದ ಕಾಲದಲ್ಲಿ ನ್ಯಾಯಾಲಯದಲ್ಲಿ ಒಬ್ಬ ಹೆಣ್ಣು ವಕೀಲಳೂ ಇರಲಿಲ್ಲ ಎಂಬುದನ್ನು ನೆನೆಯಿರಿ.

ಮೊದಲ ಭಾಷಣದಲ್ಲೇ ಆಕೆ ಹೇಳಿದ್ದಳು: ಇಲ್ಲಿ ಒಬ್ಬಳೇ ಹೆಂಗಸಾಗಿರುವುದು ದೊಡ್ಡ ಹೊಣೆ, ಬೇರೆ ಹೆಂಗಸರೂ ಇಲ್ಲಿರಬೇಕು. 2018ರ ಹೊಸ ನೋಟಿನಲ್ಲಿ ಈ ಮಾತನ್ನು ಅತಿ ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿದರು. ‘ಹೊಣೆ’ ಎಂಬ ಇಂಗ್ಲಿಷ್ ಪದದಲ್ಲೇ ಒಂದು ಅಕ್ಷರ ಬಿಟ್ಟುಹೋಗಿತ್ತು. ಲಕ್ಷಗಟ್ಟಲೆ ನೋಟು ಜನರ ಕೈಗೆ ಹೋದ ಮೇಲೆ, 2019ರಲ್ಲಿ ಅದು ಬಯಲಾಯಿತು. ಪೂಜೆ ಮಾಡುವವರು ಮಾತನ್ನು ಓದುವುದಿಲ್ಲ, ಬಿಡಿ.

ಇನ್ನೊಂದು ಮಾತನ್ನೂ ಹೇಳಲೇಬೇಕು. ಕರ್ರಕಟ್ಟಾ ಕ್ಲಬ್ ಉಳ್ಳವರ ಮನೆಯ ಹೆಂಗಸರದು. ಆ ನೆಲದ ಮೂಲನಿವಾಸಿ ಹೆಂಗಸರಿಗೆ 1899ರ ಮತದ ಹಕ್ಕು ಹೆಸರಿಗೂ ದಕ್ಕಲಿಲ್ಲವೆನ್ನಬೇಕು. ಅವರು 1962ರ ತನಕ ಕಾಯಬೇಕಾಯಿತು. ಅದೇ ನೋಟಿನ ಇನ್ನೊಂದು ಬದಿಯಲ್ಲಿ ಮೂಲನಿವಾಸಿ ಲೇಖಕ ಡೇವಿಡ್ ಯೂನೈಪನ್ ಚಿತ್ರವಿದೆ. ನೋಟಿನ ಎರಡು ಮುಖ್ಯ ಭಾವಚಿತ್ರಗಳಲ್ಲಿ ಮೂಲನಿವಾಸಿ ಹೆಂಗಸಿನದು ಮಾತ್ರ ಇಲ್ಲ.

1924ರಲ್ಲಿ ಈಡಿತ್ ಸೋತಳು, 1927ರಲ್ಲಿ ಮತ್ತೆ ಸೋತಳು. ‘ಹೆಂಗಸರಿಗೇ ಹೆಂಗಸು ಬೇಡ’ ಎನ್ನುವವರಿಗೆ ಇಂಥ ಸೋಲೆಂದರೆ ಹಬ್ಬ. ಆದರೆ 1925ರಲ್ಲೇ ಅದೇ ಶಾಸನಸಭೆಗೆ ಇನ್ನೊಂದು ಪಕ್ಷದ ಮೇ ಹೋಲ್ಮನ್ ಎಂಬಾಕೆ ಗೆದ್ದು ಬಂದಿದ್ದಳು. ಈಡಿತ್ 1932ರಲ್ಲಿ ತೀರಿಕೊಂಡಳು. ಜೊತೆಗಾತಿಯರು ಸ್ಮಾರಕ ಬೇಕೆಂದಾಗ ವಿರೋಧ ಬಂತು, ಅವರು ಬಿಡಲಿಲ್ಲ. 1934ರಲ್ಲಿ ಪರ್ತ್‌ನ ಕಿಂಗ್ಸ್ ಪಾರ್ಕ್ ಬಾಗಿಲಲ್ಲಿ ಎದ್ದ ಗಡಿಯಾರದ ಕಂಬ ಈಗಲೂ ಅಲ್ಲಿದೆ.