ಹಳೆಯ ಜೀಪಿಗೆ ಹೊಸ ಎಂಜಿನ್: ಅಪರಾಧವೇ, ಉಳಿತಾಯವೇ?

ಅಂಕೋಲಾ ತಾಲೂಕಿನ ಹಿಲ್ಲೂರು, ಅಚವೆ ಕಡೆಯ ಏರುದಾರಿಗಳಲ್ಲಾಗಲಿ, ಕಾರವಾರದಿಂದ ಕದ್ರಾ ದಾಟಿ ಅಣಶಿ ಘಟ್ಟ ಹತ್ತುವ ರಸ್ತೆಯಲ್ಲಾಗಲಿ ಹಳೆಯ ಜೀಪು ಇನ್ನೂ ಪ್ರದರ್ಶನದ ವಸ್ತುವಾಗಿಲ್ಲ. ಅಡಿಕೆ ಚೀಲ, ಬಾಳೆಗೊನೆ, ಗೊಬ್ಬರ, ಶಾಲೆಯ ಮಕ್ಕಳು, ರಾತ್ರಿ ಹೊತ್ತು ಆಸ್ಪತ್ರೆಗೆ ಹೊರಟ ರೋಗಿ, ಎಲ್ಲವನ್ನೂ ಹೊತ್ತು ಅದು ದುಡಿಯುತ್ತಿದೆ. ಮಣ್ಣು ರಸ್ತೆಯಲ್ಲಿ, ಹಳ್ಳ ದಾಟುವಲ್ಲಿ ಅದಕ್ಕೆ ಸರಿಸಾಟಿಯಾದ ವಾಹನ ಬಡವರ ಕೈಗೆಟಕುವ ಬೆಲೆಯಲ್ಲಿ ಬಂದಿಲ್ಲ. ಚಾಸಿ ಗಟ್ಟಿಯಾಗಿರುತ್ತದೆ, ಬಾಡಿಯನ್ನು ವೆಲ್ಡಿಂಗ್ ಮಾಡಿಸಿದರೆ ಮತ್ತೆ ಹತ್ತು ವರ್ಷ ಬಾಳುತ್ತದೆ. ಮೊದಲು ಸೋಲುವುದು ಎಂಜಿನ್. ಆಗ ಮಾಲೀಕ ಗುಜರಿ ಅಂಗಡಿಯಿಂದ ಅಪಘಾತವಾದ ಹೊಸ ವಾಹನವೊಂದರ ಎಂಜಿನ್ ತರುತ್ತಾನೆ. ಮನೆಯಂಗಳದಲ್ಲೋ ಊರಿನ ಗ್ಯಾರೇಜಿನಲ್ಲೋ ಹಳೆಯದನ್ನು ಇಳಿಸಿ ಅದನ್ನು ಕೂರಿಸಲಾಗುತ್ತದೆ. ಕಾನೂನಿನ ಕಣ್ಣಿನಲ್ಲಿ ಆ ಕ್ಷಣದಿಂದ ಅವನು ಅಪರಾಧಿ.

ಪರಿಸರದ ಬಗ್ಗೆ ಮಾತನಾಡುವವರು ಈ ಕೆಲಸದ ಕುರಿತು ಸಾಮಾನ್ಯವಾಗಿ ಎರಡು ಮಾತು ಆಡುತ್ತಾರೆ. ಹಳೆಯ ವಾಹನವೆಂದರೆ ಹೊಗೆ, ಅದು ಗುಜರಿಗೆ ಹೋಗಲಿ ಎಂಬುದು ಒಂದು. ಇದ್ದುದನ್ನೇ ದುರಸ್ತಿ ಮಾಡಿ ಬಳಸುವುದೇ ನಿಜವಾದ ಮಿತವ್ಯಯ ಎಂಬುದು ಇನ್ನೊಂದು. ಎರಡೂ ಅರ್ಧ ಸತ್ಯಗಳು. ಕೂರಿಸಿದ ಎಂಜಿನ್ನಿನ ಜೊತೆಗೆ ಏನೇನು ಬಂತು, ಏನು ಗುಜರಿಯಲ್ಲೇ ಉಳಿಯಿತು ಎಂಬುದನ್ನು ಕೇಳದೆ ಈ ವಾದ ತೀರುವಂಥದ್ದಲ್ಲ.

ಎಂಜಿನ್ ಬದಲಾವಣೆ ಹಳ್ಳಿಯ ಮೆಕ್ಯಾನಿಕ್ ಕಂಡುಹಿಡಿದ ವಿದ್ಯೆಯೇನೂ ಅಲ್ಲ. ಕಂಪನಿಗಳೇ ಅದನ್ನು ಮಾಡಿ ತೋರಿಸಿವೆ. 1940ರ ದಶಕದ ಕೊನೆಯಲ್ಲಿ ಮಹೀಂದ್ರಾ ಕಂಪನಿ ಮುಂಬಯಿಯಲ್ಲಿ ಅಮೆರಿಕದ ವಿಲ್ಲೀಸ್ ಜೀಪುಗಳನ್ನು ಜೋಡಿಸಲಾರಂಭಿಸಿತು. ಅದರ ಹರಿಕೇನ್ ಎಂಬ 2.2 ಲೀಟರಿನ ಪೆಟ್ರೋಲ್ ಎಂಜಿನ್ ದಶಕಗಳ ಕಾಲ ಘಟ್ಟದ ಮೇಲೂ ಕೆಳಗೂ ಓಡಿತು. ಮುಂದೆ ಅದೇ ಆಕಾರದ ಗಾಡಿಗೆ ಟ್ರ್ಯಾಕ್ಟರ್ ಮೂಲದ ಡೀಸೆಲ್ ಎಂಜಿನ್ ಬಂತು. 1980ರ ದಶಕದಲ್ಲಿ ಫ್ರಾನ್ಸಿನ ಪ್ಯೂಜೊ ಕಂಪನಿಯ 2112 ಸಿಸಿ ಡೀಸೆಲ್ ಎಂಜಿನ್ ಬಂತು. 2010ರಲ್ಲಿ ಥಾರ್ ಎಂಬ ಹೆಸರಿನಲ್ಲಿ ಬಹುತೇಕ ಅದೇ ರೂಪದ ಜೀಪಿಗೆ ಕಾಮನ್ ರೈಲ್ ಎಂಜಿನ್ ಬಂತು. ಹಿಂದೂಸ್ತಾನ್ ಮೋಟಾರ್ಸ್ ತನ್ನ ಕಾಂಟೆಸ್ಸಾ ಕಾರಿನಲ್ಲಿ ಮಾಡಿದ್ದೂ ಇದನ್ನೇ. ಅಮೆರಿಕದ ಭಾರಿ ಎಂಜಿನ್ನಿನ ಕಾರುಗಳನ್ನು ನೆನಪಿಸುವ ಆ ದೊಡ್ಡ ಗಾಡಿಗೆ ಮೊದಲು ಅಂಬಾಸಿಡರಿನ 1489 ಸಿಸಿಯ ಬಡ ಎಂಜಿನ್ ಹಾಕಿ, ಆಮೇಲೆ ಅದನ್ನು ತೆಗೆದು ಜಪಾನಿನ ಇಸುಝು ಎಂಜಿನ್ ಕೂರಿಸಿತು. ಕಾರ್ಖಾನೆಯಲ್ಲಿ ನಡೆದರೆ ಹೊಸ ಮಾದರಿ, ಅಂಗಳದಲ್ಲಿ ನಡೆದರೆ ಅಪರಾಧ! ಆದರೆ ಎರಡರ ನಡುವೆ ನಿಜವಾದ ವ್ಯತ್ಯಾಸವೊಂದಿದೆ: ಕಾರ್ಖಾನೆಯ ಗಾಡಿ ಪರೀಕ್ಷೆಗೆ ಒಳಗಾಗುತ್ತದೆ, ಅಂಗಳದ ಗಾಡಿಗೆ ಪರೀಕ್ಷೆಯೇ ಇಲ್ಲ.

ಹಿಂದೆ ಈ ಬದಲಾವಣೆಗಳ ಹಿಂದಿದ್ದ ಕಾರಣ ಇಂಧನದ ಬೆಲೆ. ಸರಕಾರ ಡೀಸೆಲ್ ಬೆಲೆಯನ್ನು ಪೆಟ್ರೋಲಿಗಿಂತ ಬಹಳ ಕೆಳಗೆ ಹಿಡಿದಿಟ್ಟಿದ್ದ ಕಾಲದಲ್ಲಿ ಜೀಪು, ಅಂಬಾಸಿಡರುಗಳ ಪೆಟ್ರೋಲ್ ಎಂಜಿನ್ ಕಳಚಿ ಕೈಗೆ ಸಿಕ್ಕ ಡೀಸೆಲ್ ಎಂಜಿನ್ ಹಾಕಿಸುವುದು ರೂಢಿಯಾಯಿತು. ಘಟ್ಟ ಹತ್ತುವಾಗ ಹಿಂದಿನವರಿಗೆ ರಸ್ತೆ ಕಾಣದಂತೆ ಕಪ್ಪು ಹೊಗೆ ಉಗುಳುವ ಗಾಡಿಗಳು ಹುಟ್ಟಿದ್ದು ಹೀಗೆ. 2014ರ ಅಕ್ಟೋಬರಿನಲ್ಲಿ ಡೀಸೆಲ್ ಬೆಲೆಯ ನಿಯಂತ್ರಣ ತೆಗೆದ ಮೇಲೆ ಆ ಆಮಿಷ ತಗ್ಗಿದೆ. ಈಗಿನ ಕಾರಣ ಬೇರೆ. ಹಳೆಯ ಎಂಜಿನ್ನಿನ ಬಿಡಿಭಾಗ ಸಿಗುವುದಿಲ್ಲ, ಹೊಸ ಜೀಪು ಕೊಳ್ಳುವ ಶಕ್ತಿಯಿಲ್ಲ.

ಕಾನೂನು ಏನು ಹೇಳುತ್ತದೆ? 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2000ದ ತಿದ್ದುಪಡಿ ಈ ಬಿಗಿಯನ್ನು ತಂದಿತು. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಮಾರ್ಪಾಡೊಂದಕ್ಕೆ 5 ಸಾವಿರ ರೂಪಾಯಿ ದಂಡ, ಇಲ್ಲವೆ 6 ತಿಂಗಳವರೆಗಿನ ಸೆರೆವಾಸ, ಅಥವಾ ಎರಡೂ. ಅದೇ ತಯಾರಕರ, ಅದೇ ಬಗೆಯ ಎಂಜಿನ್ ಹಾಕಿ ಪ್ರಾಧಿಕಾರಕ್ಕೆ ತಿಳಿಸಿ ಪುಸ್ತಕದಲ್ಲಿ ಬರೆಸಿಕೊಳ್ಳಲು ದಾರಿಯಿದೆ. ಸಿಎನ್‌ಜಿ, ಎಲ್‌ಪಿಜಿ, ಬ್ಯಾಟರಿಗೆ ಬದಲಿಸುವ ಅನುಮೋದಿತ ಕಿಟ್‌ಗಳಿಗೂ ಅವಕಾಶವಿದೆ. ಆದರೆ ಕಿಟ್‌ಗೆ ಅನುಮೋದನೆ ಪಡೆಯುವುದು ಖರ್ಚಿನ ಕೆಲಸ. ಸಾವಿರಗಟ್ಟಲೆ ಮಾರಾಟವಾಗದ ಗುಡ್ಡದ ಜೀಪಿಗಾಗಿ ಕಿಟ್ ತಯಾರಿಸುವ ಉಮೇದು ಯಾವ ಉದ್ಯಮಿಗೆ ಬಂದೀತು?

ಇನ್ನೊಂದೆಡೆ, ಹಳೆಯ ವಾಹನವನ್ನು ಉಳಿಸಿಕೊಳ್ಳುವುದೂ ದುಬಾರಿಯಾಗುತ್ತಿದೆ. 15 ವರ್ಷ ದಾಟಿದ ಕಾರು, ಜೀಪುಗಳ ಮರುನೋಂದಣಿ ಶುಲ್ಕ 2022ರ ಏಪ್ರಿಲಿನಲ್ಲಿ 600ರಿಂದ 5 ಸಾವಿರ ರೂಪಾಯಿಗೆ ಏರಿತು. 20 ವರ್ಷ ದಾಟಿದವುಗಳಿಗೆ 2025ರಲ್ಲಿ ಅದು 10 ಸಾವಿರವಾಯಿತು. 50 ವರ್ಷ ಮೀರಿದ ವಾಹನಗಳಿಗೆ 2021ರಲ್ಲಿ ವಿಂಟೇಜ್ ನೋಂದಣಿಯ ನಿಯಮ ಬಂದಿದೆ ನಿಜ. ಅದಕ್ಕೆ ಎಂಜಿನ್, ಚಾಸಿ, ಬಾಡಿಗಳು ಮೂಲರೂಪದಲ್ಲಿರಬೇಕು. ಅಂಥ ವಾಹನವನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಸಿರಿವಂತರ ಶೆಡ್ಡಿನಲ್ಲಿ ಹೊಳೆಯುವ ಕಾರಿಗೆ ಮರ್ಯಾದೆ ಸಿಕ್ಕಿತು. ಗೊಬ್ಬರ ಹೊರುವ ಜೀಪಿಗೆ ಇಲ್ಲ.

ಕಡಲಿನ ಕಡೆ ನೋಡಿದರೆ ಚಿತ್ರವೇ ಬೇರೆ. ಮಾಜಾಳಿಯಿಂದ ಬೇಲೆಕೇರಿಯವರೆಗಿನ ಮೀನುಗಾರರಿಗೆ ಹಳೆಯ ದೋಣಿಗೆ ಬೇರೆ ಎಂಜಿನ್ ಕೂರಿಸುವುದು ಬಲೆ ಹೆಣೆದಷ್ಟೇ ಸಹಜ. ಸರಕಾರವೂ ಅದಕ್ಕೆ ಹಣ ಕೊಡುತ್ತದೆ: ಸೀಮೆಎಣ್ಣೆ ಎಂಜಿನ್ ತೆಗೆದು ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್ ಹಾಕಿಸಲು ದೋಣಿಯೊಂದಕ್ಕೆ 50 ಸಾವಿರ ರೂಪಾಯಿ ಸಹಾಯಧನವನ್ನು 2023ರ ಜುಲೈನ ರಾಜ್ಯ ಮುಂಗಡಪತ್ರದಲ್ಲಿ ಘೋಷಿಸಲಾಯಿತು. ಒಂದೇ ಜಿಲ್ಲೆಯಲ್ಲಿ, ಒಂದೇ ಬಗೆಯ ಕೆಲಸಕ್ಕೆ ನೀರಿನ ಮೇಲೆ ಸಹಾಯಧನ, ನೆಲದ ಮೇಲೆ ದಂಡ.

ಆದರೆ ಕಡಲು ಕಲಿಸುವ ಪಾಠ ಇನ್ನೊಂದಿದೆ. ಎಂಜಿನ್ ಬದಲಾದಾಗ ದೋಣಿ ಅದೇ ದೋಣಿಯಾಗಿ ಉಳಿಯುವುದಿಲ್ಲ. ಅಶ್ವಶಕ್ತಿ ಹೆಚ್ಚಿದಂತೆ ಅದು ಹೆಚ್ಚು ದೂರ ಹೋಗುತ್ತದೆ, ಹೆಚ್ಚು ಭಾರದ ಬಲೆ ಎಳೆಯುತ್ತದೆ, ಮರಿಮೀನನ್ನೂ ಬಿಡದೆ ಬಾಚುತ್ತದೆ. ಜೂನ್, ಜುಲೈ ತಿಂಗಳ ನಿಷೇಧದ 61 ದಿನಗಳಲ್ಲಿ 10 ಅಶ್ವಶಕ್ತಿಯವರೆಗಿನ ನಾಡದೋಣಿಗಳಿಗೆ ಮಾತ್ರ ವಿನಾಯಿತಿ ಇರುವುದು ಈ ಕಾರಣಕ್ಕೇ. ಅಲ್ಲಿ ಕಾನೂನು ಗಮನಿಸಿದ್ದು ಎಂಜಿನ್ ಏನು ಮಾಡಬಲ್ಲದು ಎಂಬುದನ್ನು. ರಸ್ತೆಯಲ್ಲಿ ಅದು ಪುಸ್ತಕದ ನಮೂದನ್ನಷ್ಟೇ ನೋಡುತ್ತದೆ.

ಜೀಪಿನ ವಿಷಯದಲ್ಲೂ ಹೊಸ ಎಂಜಿನ್ ಏನು ಮಾಡುತ್ತದೆ ಎಂದು ಕೇಳಿದರೆ ಉತ್ತರ ಅಷ್ಟು ಸುಖಕರವಾಗಿಲ್ಲ. ಹೊಸ ಡೀಸೆಲ್ ಎಂಜಿನ್ ಸ್ವಚ್ಛವೆಂಬ ಹೆಸರು ಪಡೆದದ್ದು ಕೇವಲ ಸಿಲಿಂಡರು, ಪಿಸ್ಟನ್‌ಗಳಿಂದಲ್ಲ. ಇಂಧನವನ್ನು ಅಳೆದು ಚಿಮ್ಮಿಸುವ ಕಂಪ್ಯೂಟರು, ಗಾಳಿ ಮತ್ತು ಉಷ್ಣತೆಯನ್ನು ಅರಿಯುವ ಸೆನ್ಸರುಗಳು, ಹೊಗೆಯ ಒಂದು ಪಾಲನ್ನು ಮತ್ತೆ ಒಳಗೆ ತಿರುಗಿಸುವ ವ್ಯವಸ್ಥೆ, ಸೈಲೆನ್ಸರಿಗೆ ಮೊದಲು ಕೂತಿರುವ ಕ್ಯಾಟಲಿಟಿಕ್ ಕನ್ವರ್ಟರ್, ಇವೆಲ್ಲ ಕೂಡಿ ಕೆಲಸ ಮಾಡಿದಾಗ ಮಾತ್ರ ಹೊಗೆ ತಗ್ಗುತ್ತದೆ. 2020ರ ಏಪ್ರಿಲಿನಿಂದ ಜಾರಿಯಾದ ಬಿಎಸ್-6 ಮಟ್ಟದ ಡೀಸೆಲ್ ವಾಹನಗಳಲ್ಲಿ ಮಸಿ ಸೋಸುವ ಫಿಲ್ಟರೂ ಸೇರಿದೆ. ಅಂಗಳದ ಕೆಲಸದಲ್ಲಿ ಮೊದಲು ಬಿಟ್ಟುಹೋಗುವವು ಇವೇ. ವೈರಿನ ಜಾಲ ಕತ್ತರಿಸಿದ್ದೂ, ಜಾಗ ಸಾಲದ್ದೂ, ಕನ್ವರ್ಟರಿನೊಳಗಿನ ಬೆಲೆಬಾಳುವ ಲೋಹಕ್ಕಾಗಿ ಅದು ಮೊದಲೇ ಬೇರೆಡೆ ಮಾರಾಟವಾದದ್ದೂ ಕಾರಣ. ಹೊಸ ಎಂಜಿನ್ ಬಂತು, ಆದರೆ ಅದರ ಸ್ವಚ್ಛತೆ ಗುಜರಿಯಲ್ಲೇ ಉಳಿಯಿತು. ಪೆಟ್ರೋಲ್ ಪಂಪಿನ ಪಕ್ಕದ ಹೊಗೆ ತಪಾಸಣೆ ಇದನ್ನು ಹಿಡಿಯಲಾರದು. ಡೀಸೆಲ್ ಗಾಡಿಯಲ್ಲಿ ಅದು ಹೊಗೆಯ ಕಪ್ಪನ್ನು ಮಾತ್ರ ನೋಡುತ್ತದೆ, ನೈಟ್ರೋಜನ್ ಆಕ್ಸೈಡುಗಳನ್ನು ಅಳೆಯುವುದೇ ಇಲ್ಲ.

ಬ್ರೇಕಿನ ಪ್ರಶ್ನೆ ಇನ್ನೂ ಗಂಭೀರ. ಹಳೆಯ ಹರಿಕೇನ್ ಎಂಜಿನ್ನಿನ ತಿರುಗುಬಲ ಸುಮಾರು 155 ನ್ಯೂಟನ್ ಮೀಟರ್. 2010ರ ಥಾರ್‌ನ ಕಾಮನ್ ರೈಲ್ ಎಂಜಿನ್ನಿನದು 247. ಇಷ್ಟು ಬಲಕ್ಕೆ ಹಳೆಯ ಗೇರ್‌ಬಾಕ್ಸು, ಆಕ್ಸಲ್ಲುಗಳನ್ನು ರೂಪಿಸಿಲ್ಲ. ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕು. ದೀರ್ಘ ಇಳುಕಲಿನಲ್ಲಿ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಬೂಸ್ಟರ್ ಇರುವ ಗಾಡಿಗಳಲ್ಲಿ ಇನ್ನೊಂದು ಅಪಾಯವಿದೆ. ಪೆಟ್ರೋಲ್ ಎಂಜಿನ್ ಗಾಳಿ ಎಳೆದುಕೊಳ್ಳುವಾಗ ತಾನಾಗಿಯೇ ಉಂಟಾಗುವ ನಿರ್ವಾತದಿಂದ ಬೂಸ್ಟರ್ ನಡೆಯುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಅದಕ್ಕೆ ಪ್ರತ್ಯೇಕ ಪಂಪು ಬೇಕು. ಪಂಪನ್ನು ಮರೆತು, ಅಥವಾ ಸೋರುವ ಕೊಳವೆ ಜೋಡಿಸಿ, ಹೊರೆ ತುಂಬಿಕೊಂಡು ಅರಬೈಲ್ ಘಟ್ಟ ಇಳಿದರೆ ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ. ಅಪಘಾತವಾದ ಮೇಲೆ ಎಂಜಿನ್ ನಂಬರು ಪುಸ್ತಕಕ್ಕೆ ತಾಳೆಯಾಗದಿದ್ದರೆ ವಿಮೆಯ ಹಣವೂ ತಕರಾರಿಗೆ ಬೀಳುತ್ತದೆ. ಕದ್ದುಮುಚ್ಚಿ ಮಾಡುವ ಕೆಲಸದಲ್ಲಿ ತಪ್ಪು ಹೇಳಿಕೊಡುವವರು ಇರುವುದಿಲ್ಲ ಎಂಬುದೇ ಇಲ್ಲಿನ ದೊಡ್ಡ ಕೇಡು.

ಹಾಗೆಂದು ಎಲ್ಲವನ್ನೂ ಗುಜರಿಗೆ ನೂಕಬೇಕೆ? ಒಂದು ಹೊಸ ಕಾರಿನಲ್ಲಿ ಸರಾಸರಿ 900 ಕಿಲೋ ಉಕ್ಕು ಇರುತ್ತದೆಂದು ವಿಶ್ವ ಉಕ್ಕು ಸಂಘದ ಲೆಕ್ಕ. ಹೊಸ ಉಕ್ಕಿನ ಒಂದು ಟನ್ನಿಗೆ ಸುಮಾರು ಒಂದೂವರೆ ಟನ್ ಅದಿರು ಬೇಕು. ಅದಿರು ಎಂದರೇನೆಂದು ಅಂಕೋಲೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಳ್ಳಾರಿ, ಹೊಸಪೇಟೆಯ ಗುಡ್ಡಗಳನ್ನು ಅಗೆದ ಮಣ್ಣು ಸಾಲುಸಾಲು ಲಾರಿಗಳಲ್ಲಿ ಇದೇ ಅರಬೈಲ್ ಘಟ್ಟ ಇಳಿದು ಬೇಲೆಕೇರಿ, ಕಾರವಾರ ಬಂದರುಗಳಿಗೆ ಹೋದ ವರ್ಷಗಳಲ್ಲಿ ರಸ್ತೆಯಂಚಿನ ಗಿಡಮರಗಳೆಲ್ಲ ಕೆಂಪಾಗಿದ್ದವು. ಜಪ್ತಿಯಾದ ಅದಿರಿನಲ್ಲಿ ಲಕ್ಷಗಟ್ಟಲೆ ಟನ್ ಬೇಲೆಕೇರಿಯಿಂದ ಮಾಯವಾದದ್ದು 2010ರಲ್ಲಿ. ಗುಜರಿಯ ಉಕ್ಕು ಕರಗಿ ಮತ್ತೆ ಬಳಕೆಗೆ ಬರುತ್ತದೆಂಬುದು ನಿಜವಾದರೂ ಕರಗಿಸಲು ಶಕ್ತಿ ಬೇಕು. ವರ್ಷಕ್ಕೆ ಕೆಲವೇ ಸಾವಿರ ಕಿಲೋಮೀಟರ್ ಓಡುವ ಜೀಪು ತನ್ನ ಹೊಗೆಯಿಂದ ಮಾಡುವ ಹಾನಿಗೆ ಅದರ ಬದಲು ಬರುವ ಹೊಸ ವಾಹನದ ತಯಾರಿಕೆಯ ಹಾನಿಯನ್ನೂ ಎದುರಿಟ್ಟು ತೂಗಬೇಕು. ಸರಕಾರದ ನೀತಿ ವಯಸ್ಸನ್ನು ಎಣಿಸುತ್ತದೆ, ಓಟವನ್ನಲ್ಲ.

ಮಧ್ಯದ ದಾರಿ ಇಲ್ಲದಿಲ್ಲ. ಹಳೆಯ ಭಾರಿ ಕಾರುಗಳಿಗೆ ಮನೆಯ ಶೆಡ್ಡಿನಲ್ಲೇ ಹೊಸ ಎಂಜಿನ್ ಹಾಕುವ ಹವ್ಯಾಸ ಬೇರೂರಿರುವ ಅಮೆರಿಕದಲ್ಲಿ, ಹೊಗೆಯ ವಿಷಯದಲ್ಲಿ ಅತಿ ಕಟ್ಟುನಿಟ್ಟಿನ ಕ್ಯಾಲಿಫೋರ್ನಿಯಾ ರಾಜ್ಯ ಇದನ್ನು ನಿಷೇಧಿಸಿಲ್ಲ. ಹಾಕುವ ಎಂಜಿನ್ ವಾಹನಕ್ಕಿಂತ ಹಳೆಯದಾಗಿರಬಾರದು; ಆ ಎಂಜಿನ್ನಿನ ಹೊಗೆ ನಿಯಂತ್ರಣದ ಸಕಲ ಭಾಗಗಳೂ ಅದರ ಜೊತೆಗೇ ಬಂದಿರಬೇಕು; ನೇಮಿಸಲಾದ ತಪಾಸಕನ ಮುಂದೆ ಗಾಡಿ ನಿಲ್ಲಬೇಕು. ಜನರಲ್ ಮೋಟಾರ್ಸ್ ಕಂಪನಿ ಎಂಜಿನ್, ಕಂಪ್ಯೂಟರು, ಕನ್ವರ್ಟರುಗಳನ್ನು ಒಟ್ಟಿಗೆ ಕಟ್ಟಿ ಮಾರಲಾರಂಭಿಸಿದ್ದು ಇಂಥ ನಿಯಮವಿದ್ದುದರಿಂದಲೇ. 1975 ಮತ್ತು ಅದಕ್ಕೂ ಹಿಂದಿನ ಕಾರುಗಳನ್ನು ಅಲ್ಲಿ ಹೊಗೆ ತಪಾಸಣೆಯಿಂದಲೇ ಬಿಟ್ಟಿದ್ದಾರೆ. ಅದನ್ನು ಇಲ್ಲಿ ಅನುಸರಿಸಬೇಕಾಗಿಲ್ಲ.

ಕಾರವಾರ, ಶಿರಸಿ, ಹೊನ್ನಾವರ, ದಾಂಡೇಲಿಗಳ ಸಾರಿಗೆ ಕಚೇರಿಗಳ ಮುಂದೆ ಇಡಬೇಕಾದ ಬೇಡಿಕೆ ಇಷ್ಟು ಸರಳ: ಬದಲಾದ ಎಂಜಿನ್ನಿನ ಜೀಪನ್ನು ಮಾಲೀಕನೇ ತಂದು ತೋರಿಸಲು ದಂಡವಿಲ್ಲದ ಅವಧಿ, ಬ್ರೇಕು, ಚಾಸಿ, ಹೊಗೆಯ ಭಾಗಗಳ ಪರೀಕ್ಷೆ, ತೇರ್ಗಡೆಯಾದರೆ ಪುಸ್ತಕದಲ್ಲಿ ನಮೂದು, ಇಲ್ಲದಿದ್ದರೆ ತಿದ್ದಿಕೊಳ್ಳಲು ಸಮಯ. ಕೇಂದ್ರ ಕಾಯಿದೆ ತಿದ್ದುಪಡಿಯಾಗದೆ ಕಚೇರಿಗಳು ಇದನ್ನು ಮಾಡಲಾರವು. ಆದ್ದರಿಂದ ಬೇಡಿಕೆ ಸಂಸದರ ಬಾಗಿಲಿಗೂ ಹೋಗಬೇಕು. ಅಲ್ಲಿಯವರೆಗೆ ಮಾಜಾಳಿಯ ಸರಕಾರಿ ಎಂಜಿನಿಯರಿಂಗ್ ಕಾಲೇಜಿನ, ಐಟಿಐಗಳ ವಿದ್ಯಾರ್ಥಿಗಳು ಊರ ಗ್ಯಾರೇಜುಗಳಿಗೆ ಹೋಗಿ ಒಂದು ಕೆಲಸ ಮಾಡಬಹುದು: ಯಾವ ಗಾಡಿಗೆ ಯಾವ ಎಂಜಿನ್ ಕೂತಿದೆ, ಕನ್ವರ್ಟರ್ ಇದೆಯೇ, ನಿರ್ವಾತ ಪಂಪು ಇದೆಯೇ, ವರ್ಷಕ್ಕೆ ಎಷ್ಟು ಓಡುತ್ತದೆ ಎಂದು ಮಾಲೀಕರ ಹೆಸರಿಲ್ಲದೆ ಬರೆದಿಡುವುದು. ಇಂಥ ಲೆಕ್ಕವಿಲ್ಲದೆ ದಿಲ್ಲಿಯವರೊಡನೆ ವಾದಿಸುವುದು ಕಷ್ಟ.

ಎಂಜಿನ್ ಇಳಿಸುವಾಗ ಹೊರಬರುವ ನಾಲ್ಕು ಲೀಟರಿನಷ್ಟು ಕರಿ ಎಣ್ಣೆಯನ್ನೂ ಆ ಪಟ್ಟಿಯಲ್ಲಿ ಸೇರಿಸಬೇಕು. ಗೆದ್ದಲು ಹಿಡಿಯದಂತೆ ಬೇಲಿಯ ಗೂಟಕ್ಕೆ ಬಳಿದದ್ದು ಎಷ್ಟು, ಮರುಬಳಕೆಯವರಿಗೆ ಕೊಟ್ಟದ್ದು ಎಷ್ಟು, ಅಂಗಳ ತೊಳೆದ ನೀರಿನೊಡನೆ ತೋಟದ ಕಾಲುವೆಗೆ ಇಳಿದು ಗಂಗಾವಳಿಯ ದಾರಿ ಹಿಡಿದದ್ದು ಎಷ್ಟು ಎಂಬುದನ್ನು ಗ್ಯಾರೇಜಿನವರೇ ಹೇಳಬಲ್ಲರು.