ಅನಿಲದ ಒಲೆಯೋ, ಇಂಡಕ್ಷನ್ ಒಲೆಯೋ?

ಒಲೆಯನ್ನು ಕುರಿತು ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಲೇಖನ ಬರೆಯುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಚರಿತ್ರೆ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳನ್ನು ಓದುವ ಹುಡುಗನಿಗೆ ಅಡಿಗೆಮನೆಯ ಗೊಡವೆ ಏಕೆಂದು ನಮ್ಮ ಅಧ್ಯಾಪಕರಲ್ಲಿ ಯಾರಾದರೂ ಕೇಳಿದರೆ ಅದೂ ನ್ಯಾಯವೇ. ಆದರೆ ಈ ಮೂರು ಶಾಸ್ತ್ರಗಳೂ ದಿನಕ್ಕೆರಡು ಬಾರಿ ಒಟ್ಟಿಗೆ ಸೇರುವ ಸ್ಥಳ ಒಲೆಯೊಂದೇ ಎಂದು ನನಗೆ ಈಚೆಗೆ ಮನವರಿಕೆಯಾಗಿದೆ.

ನಮ್ಮ ಮನೆಯಿರುವುದು ಬನಶಂಕರಿಯಲ್ಲಿ, ಬಾಡಿಗೆಯ ಮನೆ. ಅಜ್ಜಿ, ತಂದೆ, ತಾಯಿ, ತಂಗಿ, ನಾನು, ಹೀಗೆ ಐದು ಜನ. ಬಹುಕಾಲ ದುಡಿದ ಗ್ಯಾಸ್ ಒಲೆ ಈ ವರ್ಷ ತುಕ್ಕು ಹಿಡಿದು ಕೈಕೊಟ್ಟಿತು. ಹೊಸದನ್ನು ಕೊಳ್ಳಲೇಬೇಕಾಯಿತು. ಆಗ ತಂದೆಯವರು, “ಹೇಗೂ ಕರೆಂಟು ಬಿಟ್ಟಿ ಬರ್ತಾ ಇದೆ. ಇಂಡಕ್ಷನ್ ತಂದುಬಿಟ್ಟರೆ ಸಿಲಿಂಡರಿನ ದುಡ್ಡು ಉಳಿಯುತ್ತೆ,” ಎಂದರು. ತಾಯಿಯವರು, “ಅದರ ಮೇಲೆ ಮುದ್ದೆ ತಿರುವೋದು ಹೇಗೆ?” ಎಂದಷ್ಟೇ ಕೇಳಿದರು. ಅರ್ಥಶಾಸ್ತ್ರದ ವಿದ್ಯಾರ್ಥಿಯೆಂಬ ಕಾರಣಕ್ಕೆ ಲೆಕ್ಕ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಇಬ್ಬರ ಮಾತಿನಲ್ಲಿ ಯಾರದು ಸರಿ ಎಂದು ಹುಡುಕಹೊರಟ ನನಗೆ, ಪ್ರಶ್ನೆ ನಮ್ಮ ಮನೆಯ ಗೋಡೆಯೊಳಗೆ ಮುಗಿಯುವಂಥದಲ್ಲವೆಂದು ತಿಳಿಯಿತು. ಅದಕ್ಕಾಗಿಯೇ ಈ ಬರಹ.

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಹೊಸ ಒಲೆಯೆಂದರೆ ಪ್ರಗತಿ, ಹಳೆಯ ಒಲೆಯೆಂದರೆ ಗೊಡ್ಡುತನ ಎಂದು ವಾದಿಸುವವರ ಗುಂಪಿಗೆ ನಾನು ಸೇರಿದವನಲ್ಲ. ನಮ್ಮ ಅಜ್ಜಿ ತಮ್ಮ ಜೀವಮಾನದಲ್ಲಿ ನಾಲ್ಕು ಬಗೆಯ ಒಲೆಗಳನ್ನು ಆಳಿದವರು. ಹಳ್ಳಿಯಲ್ಲಿ ಸೌದೆಯ ಒಲೆ; ಮದುವೆಯಾಗಿ ಪೇಟೆಗೆ ಬಂದ ಮೇಲೆ ಮರದ ಹೊಟ್ಟಿನ ಒಲೆ; ಅನಂತರ ಸೀಮೆಎಣ್ಣೆಯ ಸ್ಟವ್; ಕಡೆಗೆ ಗ್ಯಾಸು. ಹೊಟ್ಟಿನ ಒಲೆಯನ್ನು ನಮ್ಮ ಪೀಳಿಗೆಯವರು ಕಂಡಿರಲಾರರು. ತಗಡಿನ ಡಬ್ಬಿಯ ನಡುವೆ ಒಂದು ಸೀಸೆಯನ್ನು ನಿಲ್ಲಿಸಿ, ಸುತ್ತಲೂ ಸಾಮಿಲ್ಲಿನಿಂದ ತಂದ ಹೊಟ್ಟನ್ನು ಗಟ್ಟಿಯಾಗಿ ಅದುಮಿ, ಸೀಸೆಯನ್ನು ಮೆಲ್ಲಗೆ ಎಳೆದು ತೆಗೆದು, ಕೆಳಗಿನ ಕಿಂಡಿಯಿಂದ ಕಿಡಿ ತಾಗಿಸಬೇಕು. ತುಂಬುವಾಗ ಕೈ ಸ್ವಲ್ಪ ಸಡಿಲವಾದರೆ ಹೊಟ್ಟು ಕುಸಿದು, ಅಡಿಗೆ ಅರ್ಧಕ್ಕೇ ನಿಲ್ಲುತ್ತಿತ್ತಂತೆ. ಇಷ್ಟೆಲ್ಲವನ್ನೂ ಕಲಿತವರಿಗೆ ಗುಂಡಿಯೊತ್ತುವ ಒಲೆಯೊಂದನ್ನು ಕಲಿಯುವುದು ದೊಡ್ಡದಲ್ಲ. ಅವರು ಒಲ್ಲೆನೆಂದರೆ ಅದಕ್ಕೆ ಕಾರಣವಿರುತ್ತದೆಂದು ನಂಬುವುದು ಒಳ್ಳೆಯದು.

ಇನ್ನು ಇಂಡಕ್ಷನ್ ಒಲೆಯ ಗುಣಗಳನ್ನು ಮುಚ್ಚಿಡಬಾರದು. ಮೈಕೇಲ್ ಫ್ಯಾರಡೆ 1831ರಲ್ಲಿ ಕಂಡುಹಿಡಿದ ತತ್ತ್ವವೇ ಅದರ ಜೀವಾಳ. ಗಾಜಿನ ಫಲಕದ ಕೆಳಗೆ ತಾಮ್ರದ ತಂತಿಯ ಸುರುಳಿಯೊಂದಿದೆ. ಅದರಲ್ಲಿ ಕ್ಷಣಕ್ಕೆ ಸಾವಿರಾರು ಬಾರಿ ದಿಕ್ಕು ಬದಲಿಸುವ ವಿದ್ಯುತ್ತು ಹರಿಯುವಾಗ ಕಾಂತಕ್ಷೇತ್ರವುಂಟಾಗಿ, ಮೇಲಿಟ್ಟ ಪಾತ್ರೆಯ ತಳದಲ್ಲಿಯೇ ಸುಳಿವಿದ್ಯುತ್ತು ಹುಟ್ಟಿ, ಪಾತ್ರೆ ತಾನೇ ಕಾಯುತ್ತದೆ. ಕಾಯುವುದು ಪಾತ್ರೆ, ಒಲೆಯಲ್ಲ. ಆದುದರಿಂದ ಶಾಖ ವ್ಯರ್ಥವಾಗುವುದು ಕಡಮೆ. ಗ್ಯಾಸಿನ ಉರಿಯಲ್ಲಿ ಮೂರರಲ್ಲೊಂದು ಪಾಲು ಪಾತ್ರೆಯ ಪಕ್ಕಕ್ಕೆ ಸರಿದು ಅಡಿಗೆಯವರ ಮುಖವನ್ನು ಬೇಯಿಸುತ್ತದೆ. ಏಪ್ರಿಲ್ ತಿಂಗಳಲ್ಲಿ ಬಾಡಿಗೆಮನೆಯ ಆರಡಿ ಅಗಲದ ಅಡಿಗೆಮನೆಯಲ್ಲಿ ನಿಂತು ನೋಡಿದವರಿಗೆ ಈ ಮಾತಿನ ಅರ್ಥ ವಿವರಿಸಬೇಕಾಗಿಲ್ಲ. ಸೆರಗಿಗೆ ಉರಿ ತಾಗುವ ಭಯವಿಲ್ಲ. ಗ್ಯಾಸು ಸೋರುವ ಆತಂಕವಿಲ್ಲ. ವಯಸ್ಸಾದವರು ಹಾಲಿಟ್ಟು ಮರೆತರೂ ಇಷ್ಟು ನಿಮಿಷಕ್ಕೆ ಆರಿಹೋಗೆಂದು ಮೊದಲೇ ಹೇಳಿಡಬಹುದು. ಅಜ್ಜಿಯ ಮಟ್ಟಿಗೆ ಇದು ಸಣ್ಣ ಲಾಭವಲ್ಲ.

ಆದರೆ ಆ ಒಲೆಗೆ ಒಂದು ಹಟವಿದೆ. ಅಯಸ್ಕಾಂತ ಅಂಟುವ ತಳದ ಪಾತ್ರೆಯನ್ನಲ್ಲದೆ ಬೇರೊಂದನ್ನು ಅದು ಗುರುತಿಸುವುದಿಲ್ಲ. ನಮ್ಮ ಮನೆಯ ಮುದ್ದೆಯ ಪಾತ್ರೆ ಅಲ್ಯೂಮಿನಿಯಮ್ಮಿನದು. ಅಜ್ಜಿಯ ತವರಿನ ಬಳುವಳಿ ಹಿತ್ತಾಳೆಯದು. ಹುಳಿ ಸಾರಿಗೆ ಒಂದು ಕಲ್ಲಿನ ಚಟ್ಟಿಯುಂಟು. ಈ ಮೂರಕ್ಕೂ ಅಲ್ಲಿ ಪ್ರವೇಶವಿಲ್ಲ. ದೋಸೆಯ ಕಾವಲಿ ಕಬ್ಬಿಣದ್ದಾದ್ದರಿಂದ ಪಾಸಾಯಿತು. ಒಗ್ಗರಣೆಯ ಸೌಟು ಕೂಡ ಕಬ್ಬಿಣದ್ದೇ. ಆದರೆ ಅದರ ತಳ ತೀರ ಚಿಕ್ಕದಾದುದರಿಂದ ಒಲೆ ಅದನ್ನು ಪಾತ್ರೆಯೆಂದೇ ಒಪ್ಪುವುದಿಲ್ಲ. ಒಗ್ಗರಣೆಯಿಲ್ಲದ ಅಡಿಗೆ ನಮ್ಮ ನಾಡಿನಲ್ಲಿ ಯಾರಿಗೆ ಬೇಕು? ಬದನೆಕಾಯಿ ಸುಡುವುದು, ಹಪ್ಪಳ ಸುಡುವುದು, ರೊಟ್ಟಿಯನ್ನು ಕೆಂಡದ ಮೇಲೆ ಉಬ್ಬಿಸಿದಂತೆ ಉರಿಯ ಮೇಲೆ ಉಬ್ಬಿಸುವುದು, ಇವೂ ಹೋದುವು. ಇವೆಲ್ಲ ನಾಲಗೆಯ ಚಾಪಲ್ಯವೆಂದು ಬಿಡೋಣವೆಂದರೆ ಮುದ್ದೆ ಹಾಗಲ್ಲ; ಅದು ನಮ್ಮ ಹೊಟ್ಟೆಯ ಮೂಲಾಧಾರ. ಹಿಟ್ಟು ಬೆಂದ ಮೇಲೆ ಪಾತ್ರೆಯನ್ನು ಇಕ್ಕಳದಿಂದ ಬಿಗಿಹಿಡಿದು ಮುದ್ದೆಕೋಲಿನಿಂದ ಮೈಯ ಭಾರವನ್ನೆಲ್ಲ ಬಿಟ್ಟು ತಿರುವಬೇಕು. ಗಾಜಿನ ಫಲಕದ ಮೇಲೆ ಈ ಮಲ್ಲಯುದ್ಧಕ್ಕೆ ಯಾವ ತಾಯಿಗೆ ಧೈರ್ಯ ಬಂದೀತು? ಕೆಳಗಿಳಿಸಿ ನೆಲದ ಮೇಲೆ ತಿರುವಬಹುದೆಂದು ತಂಗಿ ಸೂಚಿಸಿದಳು. ಅಮ್ಮನ ಮಂಡಿನೋವು ಅವಳಿಗೆ ನೆನಪಿರಲಿಲ್ಲವೆಂದು ಕಾಣುತ್ತದೆ.

ಇದಕ್ಕಿಂತ ದೊಡ್ಡ ತೊಡಕು ಸಮಯದ್ದು. ನಮ್ಮ ತಾಯಿಯವರು ಬೆಳಗ್ಗೆ ಎಂಟೂವರೆಗೆ ಕೆಲಸಕ್ಕೆ ಹೊರಡುವವರು. ಒಂದು ಕಡೆ ಅನ್ನ, ಇನ್ನೊಂದು ಕಡೆ ಪಲ್ಯ, ಅದರ ಬೆನ್ನಿಗೆ ಕಾಫಿ. ಗ್ಯಾಸ್ ಒಲೆಗೆ ಎರಡು ಬಾಯಿ. ಅಂಗಡಿಯಲ್ಲಿ ಅಗ್ಗವಾಗಿ ಸಿಕ್ಕುವ ಇಂಡಕ್ಷನ್ನಿಗೆ ಒಂದೇ. ಎರಡು ತರೋಣವೆಂದರೆ ತಲಾ ಎರಡು ಕಿಲೋವ್ಯಾಟಿನವು ಒಟ್ಟಿಗೆ ಉರಿಯಲು ನಾಲ್ಕು ಕಿಲೋವ್ಯಾಟು ಬೇಕು. ನಮ್ಮ ಮನೆಗೆ ಮಂಜೂರಾಗಿರುವುದು ಎರಡು. ಅಡಿಗೆಮನೆಯಲ್ಲಿರುವುದು ಮಿಕ್ಸಿಗೆಂದು ಕೊಟ್ಟ ಸಣ್ಣ ಪ್ಲಗ್ಗು. ತಂತಿ ಎಳೆಸಲು ಮನೆಯ ಯಜಮಾನರ ಒಪ್ಪಿಗೆ ಬೇಕು. ಮಳೆಗಾಲದಲ್ಲಿ ಮರದ ಕೊಂಬೆ ತಂತಿಯ ಮೇಲೆ ಬಿದ್ದ ಸಂಜೆ ಏನು ಗತಿಯೆಂಬುದನ್ನು ನಾನು ಕೇಳಲೇ ಇಲ್ಲ.

ಈಗ ಹಣದ ಲೆಕ್ಕಕ್ಕೆ ಬರೋಣ. ಮನೆಬಳಕೆಯ ಸಿಲಿಂಡರಿನಲ್ಲಿ 14.2 ಕಿಲೋ ಅನಿಲವಿರುತ್ತದೆ. ಒಂದು ಕಿಲೋ ಅನಿಲ ಉರಿದರೆ ಬರುವ ಶಾಖವನ್ನು ವಿದ್ಯುತ್ತಿನ ಅಳತೆಯಲ್ಲಿ ಹೇಳುವುದಾದರೆ ಸುಮಾರು 12.8 ಯೂನಿಟ್. ಎಂದರೆ ಸಿಲಿಂಡರಿಗೆ 180 ಯೂನಿಟ್ಟಿನಷ್ಟು. ಅದರಲ್ಲಿ ಪಾತ್ರೆಗೆ ಸೇರುವುದು ನೂರಕ್ಕೆ 65 ಪಾಲೆಂದಿಟ್ಟುಕೊಂಡರೆ 117 ಯೂನಿಟ್. ಅಷ್ಟನ್ನೇ ಇಂಡಕ್ಷನ್ನಿನಿಂದ ಪಡೆಯಲು, ಅದು ನೂರಕ್ಕೆ 85 ಪಾಲು ಮುಟ್ಟಿಸುತ್ತದೆಂದು ಹಿಡಿದರೆ, 140 ಯೂನಿಟ್ಟಿಗೆ ಒಂದೆರಡು ಕಡಮೆ ಬೇಕು. ಬೆಂಗಳೂರಿನಲ್ಲಿ ಸಿಲಿಂಡರಿನ ಬೆಲೆ 2025ರ ಏಪ್ರಿಲ್‌ನಲ್ಲಿ 855 ರೂ. 50 ಪೈಸೆಯಾಯಿತು. ಅದೇ ತಿಂಗಳಿನಿಂದ ಜಾರಿಗೆ ಬಂದ ವಿದ್ಯುತ್ ದರ ಯೂನಿಟ್ಟಿಗೆ 5 ರೂ. 80 ಪೈಸೆ, ಪಿಂಚಣಿಯ ಬಾಬ್ತು ಸೇರಿದ 36 ಪೈಸೆ ಬೇರೆ. 140 ಯೂನಿಟ್ಟಿಗೆ 862 ರೂ. 40 ಪೈಸೆ; ಮೇಲೆ ತೆರಿಗೆ. ಬೆಲೆಗಳು ಏರಿಳಿದಂತೆ ಓದುಗರು ಈ ಅಂಕಿಗಳನ್ನು ತಾವೇ ತಿದ್ದಿಕೊಳ್ಳಬಹುದು. ನಾನು ಲೆಕ್ಕ ಹಾಕಿದ ದರದಲ್ಲಂತೂ ತಕ್ಕಡಿ ಹೆಚ್ಚುಕಡಮೆ ಸಮನಾಗಿಯೇ ನಿಂತಿತು.

ಹಾಗಾದರೆ ತಂದೆಯವರು ಹೇಳಿದ ಬಿಟ್ಟಿ ಕರೆಂಟು? ಗೃಹಜ್ಯೋತಿ ಯೋಜನೆ 2023ರ ಜುಲೈ ತಿಂಗಳ ಬಳಕೆಯಿಂದ ಜಾರಿಗೆ ಬಂದುದು ಎಲ್ಲರಿಗೂ ತಿಳಿದಿದೆ. ಅದರ ನಿಬಂಧನೆಯನ್ನು ಪೂರ್ತಿ ಓದಿದವರು ಕಡಮೆ. 200 ಯೂನಿಟ್ಟಿನವರೆಗೆ ಎಲ್ಲರಿಗೂ ಉಚಿತವೆಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. 2022–23ರಲ್ಲಿ ಆ ಮನೆ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ ಅದರ ಮೇಲೆ ನೂರಕ್ಕೆ ಹತ್ತು ಸೇರಿಸಿ ಪ್ರತಿ ಮನೆಗೂ ಒಂದು ಗಡಿ ಹಾಕಲಾಯಿತು. ಗಡಿ ದಾಟಿದರೆ ಹೆಚ್ಚಿನದಕ್ಕೆ ಹಣ. 200 ದಾಟಿದರೆ ಪೂರ್ತಿ ಬಿಲ್ಲು. ನಮ್ಮ ಸರಾಸರಿ 104, ಗಡಿ 114. ಈಗ ಬಳಸುತ್ತಿರುವುದು 110ರ ಆಸುಪಾಸು. ನಮಗೆ ಒಂದು ಸಿಲಿಂಡರು 42 ದಿನ ಬರುತ್ತದೆ. ಅಡಿಗೆಯನ್ನೆಲ್ಲ ಇಂಡಕ್ಷನ್ನಿಗೆ ವರ್ಗಾಯಿಸಿದರೆ ತಿಂಗಳಿಗೆ ಸುಮಾರು 100 ಯೂನಿಟ್ ಏರುತ್ತದೆ, ಒಟ್ಟು 210. ಅಲ್ಲಿಗೆ ಉಚಿತವೆಲ್ಲ ಹಾರಿಹೋಗಿ, ನಿಗದಿತ ಶುಲ್ಕವೂ ಸೇರಿ ಬರುವ ಬಿಲ್ಲು 1,580 ರೂಪಾಯಿಗೆ ಮೇಲೆ. ಗ್ಯಾಸಿನಲ್ಲಿ ಉಳಿಯುವುದು 611 ರೂಪಾಯಿ. ತಿಂಗಳಿಗೆ ಸಾವಿರ ರೂಪಾಯಿಯಷ್ಟು ನಷ್ಟ. ಅದು ತಂಗಿಯ ಬಸ್ ಪಾಸು, ನನ್ನ ಪುಸ್ತಕ, ಅಜ್ಜಿಯ ಮಾತ್ರೆ. ಕಾಗದವನ್ನು ತಂದೆಯವರ ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿ, “ಹತ್ತು ಯೂನಿಟ್ಟಿಗೆ ಇಷ್ಟೊಂದೆ?” ಎಂದರು.

ಅವರ ಪ್ರಶ್ನೆಯಲ್ಲಿಯೇ ವಿಷಯದ ತಿರುಳಿದೆ. ಗೃಹಜ್ಯೋತಿಯನ್ನು ನಾನು ಹಳಿಯುತ್ತಿಲ್ಲ. ಅದರಿಂದ ನಮ್ಮಂಥ ಮನೆಗಳಿಗೆ ಆದ ಉಪಕಾರವನ್ನು ಮರೆಯುವುದು ಕೃತಘ್ನತೆ. ಆದರೆ ದೀಪ, ಫ್ಯಾನು, ಮಿಕ್ಸಿಗಳಿಗೆ ಅಳೆದುಕೊಟ್ಟ ಗಡಿಯೊಳಗೆ ಒಲೆಗೂ ಜಾಗ ಹುಡುಕೆಂದರೆ ಎಲ್ಲಿಂದ ಬರಬೇಕು? ಆ ಸರಾಸರಿಯನ್ನು ಅಳೆದ ವರ್ಷ ಬಹುತೇಕ ಮನೆಗಳಲ್ಲಿ ಅಡಿಗೆ ನಡೆಯುತ್ತಿದ್ದುದು ಗ್ಯಾಸಿನಲ್ಲಿ. ಅತ್ತ ಬಡವರ ಗ್ಯಾಸಿಗೆ ಸಹಾಯಧನ ಕೊಡುವುದು ಕೇಂದ್ರ ಸರ್ಕಾರ: 2016ರ ಮೇ 1ರಂದು ಆರಂಭವಾದ ಉಜ್ವಲಾ ಯೋಜನೆಯವರಿಗೆ 2023ರ ಅಕ್ಟೋಬರಿನಿಂದ ಸಿಲಿಂಡರಿಗೆ 300 ರೂಪಾಯಿ. ಇತ್ತ ಕರೆಂಟಿಗೆ ಕೊಡುವುದು ರಾಜ್ಯ ಸರ್ಕಾರ. ಒಲೆ ಒಂದು, ಸರ್ಕಾರ ಎರಡು. ಗೃಹಿಣಿ ಒಂದು ಒಲೆಯನ್ನು ಬಿಟ್ಟು ಇನ್ನೊಂದಕ್ಕೆ ಬಂದರೆ ಒಂದು ಸರ್ಕಾರಕ್ಕೆ ಉಳಿತಾಯ, ಇನ್ನೊಂದಕ್ಕೆ ಹೊರೆ, ಆಕೆಗೆ ದಂಡ. ರಾಜ್ಯಶಾಸ್ತ್ರದ ತರಗತಿಯಲ್ಲಿ ಕೇಂದ್ರ–ರಾಜ್ಯ ಸಂಬಂಧಗಳೆಂಬ ಅಧ್ಯಾಯಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋಚದು.

ಗ್ಯಾಸ್ ಒಲೆಯನ್ನಾರಿಸುವ ಅವಕಾಶವೇ ಇಲ್ಲದವರ ಪಾಡು ಇನ್ನೂ ಬೇರೆ. ನಮ್ಮ ತರಗತಿಯ ಮೂವರು ಮಿತ್ರರು ಬನಶಂಕರಿಯಲ್ಲಿಯೇ ತಾರಸಿಯ ಮೇಲಿನ ಕೋಣೆಯೊಂದರಲ್ಲಿದ್ದಾರೆ. ಸಿಲಿಂಡರು ಮೇಲೆ ತರಕೂಡದೆಂದು ಯಜಮಾನರ ಕಟ್ಟಪ್ಪಣೆ; ಆದುದರಿಂದ ಇಂಡಕ್ಷನ್. ಅವರದೇ ಮೀಟರಿಲ್ಲ, ಉಪಮೀಟರು. ಯೂನಿಟ್ಟಿಗೆ ಹತ್ತು ರೂಪಾಯಿಯಂತೆ ವಸೂಲಿ. ಗೃಹಜ್ಯೋತಿ ಅವರ ಮೆಟ್ಟಿಲನ್ನು ಹತ್ತಲೇ ಇಲ್ಲ. ಅನ್ನ ಬೇಯಿಸಿಕೊಂಡು ಸಾರನ್ನು ಹೊರಗಿನಿಂದ ತರುವುದು ಅವರಿಗೆ ಅಭ್ಯಾಸವಾಗಿದೆ. ಎರಡು ಹೊತ್ತೂ ಬೇಯಿಸಿದರೆ ತಿಂಗಳ ಕೊನೆಗೆ ಲೆಕ್ಕ ಸರಿಹೋಗುವುದಿಲ್ಲವಂತೆ.

ಒಲೆಗೆ ಬೇರೆ ಲೆಕ್ಕವಿಡುವುದು ಬೆಂಗಳೂರಿಗೆ ಹೊಸದೇನೂ ಅಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹರಿದ ವಿದ್ಯುತ್ತು 1905ರಲ್ಲಿ ಬೆಂಗಳೂರಿನ ಬೀದಿದೀಪಗಳನ್ನು ಬೆಳಗಿತು. ಅದು ದೀಪದಿಂದಿಳಿದು ಅಡಿಗೆಮನೆಯನ್ನೂ ಬಚ್ಚಲನ್ನೂ ಹೊಕ್ಕ ಮೇಲೆ, ವಿದ್ಯುಚ್ಛಕ್ತಿ ಮಂಡಳಿಯ ದಿನಗಳಲ್ಲಿ ಎ.ಇ.ಎಚ್. ಎಂಬ ಸಂಪರ್ಕವಿತ್ತು, ಎಲ್ಲ ಕೆಲಸವೂ ವಿದ್ಯುತ್ತಿನಿಂದಲೇ ನಡೆಯುವ ಮನೆಯೆಂದು ಅದರ ಅರ್ಥ. ದೀಪಕ್ಕೊಂದು ಮೀಟರು, ಒಲೆ–ಬಿಸಿನೀರಿಗೊಂದು ಮೀಟರು ಪಕ್ಕಪಕ್ಕದಲ್ಲಿ ಕುಳಿತಿರುತ್ತಿದ್ದುವೆಂದು ದಕ್ಷಿಣ ಬೆಂಗಳೂರಿನ ಹಳಬರು ಈಗಲೂ ಹೇಳುತ್ತಾರೆ. ಆ ಹಳೆಯ ಕ್ರಮದ ಸಾರವನ್ನು ಇಂದಿಗೆ ಹೊಂದಿಸಿಕೊಳ್ಳಬಾರದೇಕೆ? ಸಿಲಿಂಡರಿನ ಸಂಪರ್ಕವನ್ನು ಹಿಂದಿರುಗಿಸಿದ ಮನೆಗೆ ಗಡಿಯನ್ನೂ 200ರ ಗೆರೆಯನ್ನೂ ಒಲೆಗೆಂದು 100 ಯೂನಿಟ್ಟಿನಷ್ಟು ಮುಂದೆ ಸರಿಸಬೇಕು. ಅಷ್ಟನ್ನೂ ಉಚಿತವಾಗಿಯೇ ಕೊಡಬೇಕೆಂದು ನನ್ನ ವಾದವಲ್ಲ. ಒಲೆಯ ಯೂನಿಟ್ಟಿಗೆ ದರ ಹಾಕಲಿ, ದೀಪದ ಸೌಲಭ್ಯವನ್ನು ಕಿತ್ತುಕೊಳ್ಳದಿರಲಿ. ತಾರಸಿಯ ಕೋಣೆಗಳಿಗೆ ನೇರವಾಗಿ ಮೀಟರು ದೊರೆಯಬೇಕು.

ಹಾಗೆ ಕೊಟ್ಟರೆ ಜನ ಒಲೆಯ ಹೆಸರಿನಲ್ಲಿ ಗೀಸರು ಓಡಿಸುತ್ತಾರೆಂದು ಆಕ್ಷೇಪಿಸುವವರಿದ್ದಾರೆ. ಓಡಿಸಬಹುದು, ದರ ತೆತ್ತಮೇಲೆ ಓಡಿಸಲಿ ಬಿಡಿ. ಇದಕ್ಕಿಂತ ತೂಕದ ಆಕ್ಷೇಪಣೆ ಇನ್ನೊಂದಿದೆ: ಪಾವಗಡದ 2,050 ಮೆಗಾವ್ಯಾಟಿನ ಸೌರ ವಿದ್ಯುತ್ತು ಸಮೃದ್ಧಿಯಾಗಿರುವುದು ನಡುಹಗಲಲ್ಲಿ, ನಮ್ಮ ಒಲೆ ಹೊತ್ತುವುದು ಬೆಳಗ್ಗೆ ಏಳಕ್ಕೆ, ಸಂಜೆ ಏಳಕ್ಕೆ. ಊರಿನ ಒಲೆಗಳೆಲ್ಲ ಒಟ್ಟಿಗೆ ತಂತಿಗೆ ಜೋತುಬಿದ್ದರೆ ಆ ಹೊತ್ತಿನಲ್ಲಿ ಕಲ್ಲಿದ್ದಲನ್ನೇ ಹೆಚ್ಚು ಸುಡಬೇಕಾದೀತು. ಈ ಮಾತನ್ನು ನಾನು ಒಪ್ಪುತ್ತೇನೆ. ಆದರೆ ಗ್ಯಾಸೂ ನಮ್ಮ ಹಿತ್ತಲಲ್ಲಿ ಬೆಳೆಯುವಂಥದಲ್ಲವಷ್ಟೆ. ದೇಶ ಬಳಸುವ ಈ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹಡಗಿನಲ್ಲಿ ಬರುವುದು, ಅದೂ ಬಹುಮಟ್ಟಿಗೆ ಕೊಲ್ಲಿಯ ರಾಷ್ಟ್ರಗಳಿಂದ. ಅಲ್ಲಿ ಯುದ್ಧದ ಸುದ್ದಿ ಬಂದ ದಿನ ಬನಶಂಕರಿಯ ಅಡಿಗೆಮನೆಗೂ ಎದೆ ಹಾರುತ್ತದೆ. ಎರಡು ಒಲೆಯನ್ನಿಟ್ಟುಕೊಳ್ಳುವ ಸ್ವಾತಂತ್ರ್ಯ ಮನೆಮನೆಗೂ ಇದ್ದರೆ ಕೆಟ್ಟದ್ದೇನಲ್ಲ.

ನಮ್ಮ ಮನೆಯ ತೀರ್ಮಾನ ಹೀಗಾಯಿತು. ಎರಡು ಬಾಯಿಯ ಗ್ಯಾಸ್ ಒಲೆಯನ್ನೇ ತಂದೆವು. ಯಾವುದನ್ನು ಆರಿಸಬೇಕೆಂದು ಅಂಗಡಿಯಲ್ಲಿ ತಾಯಿಯವರೇ ಹೇಳಿದರು; ಎರಡು ಬಾಯಿಗಳ ನಡುವಣ ಅಂತರವನ್ನು ಗೇಣಿನಿಂದ ಅಳೆದು, ಮುದ್ದೆಯ ಪಾತ್ರೆಯೂ ಕುಕ್ಕರೂ ಒಟ್ಟಿಗೆ ಕೂರುತ್ತವೆಯೆ ಎಂದು ನೋಡಿದ ಮೇಲೆಯೇ ಒಪ್ಪಿದುದು. ಚಿಕ್ಕಪ್ಪನವರ ಮನೆಯಲ್ಲಿ ಮೂಲೆಗೆ ಬಿದ್ದಿದ್ದ ಇಂಡಕ್ಷನ್ನೊಂದನ್ನು ಅಜ್ಜಿಗೆಂದು ತಂದಿಟ್ಟಿದ್ದೇವೆ. ಮಧ್ಯಾಹ್ನ ಮನೆಯಲ್ಲಿ ಒಬ್ಬರೇ ಇರುವಾಗ ಹಾಲು, ಕಾಫಿಗೆ ನೀರು ಕಾಯಿಸಿಕೊಳ್ಳುವುದು ಅದರಲ್ಲಿ. ಒಂದು ಲೀಟರು ಹಾಲು ಉಕ್ಕಲು ಯೂನಿಟ್ಟಿನ ಹತ್ತರಲ್ಲೊಂದು ಪಾಲು ಸಾಕು. ತಿಂಗಳಿಗೆ ನಾಲ್ಕು ಯೂನಿಟ್ ಮೀರದಂತೆ ಮೀಟರನ್ನು ನೋಡಿಕೊಳ್ಳುವ ಕೆಲಸ ನನ್ನದು.