ರೇಡಿಯೇಟರ್ ಬಿಸಿ, ನಲ್ಲಿ ಮಾತ್ರ ತಣ್ಣಗೆ!

ಜನವರಿಯ ಒಂದು ಬೆಳಗ್ಗೆ. ಇಂಗ್ಲೆಂಡಿನ ರೆಡಿಂಗ್‌ನಲ್ಲಿರೋ ನಮ್ಮ ಬಾಡಿಗೆ ಮನೆ. ಬಾಣಂತನಕ್ಕೆ ಅಂತ ಹಾಸನದಿಂದ ಬಂದಿರೋ ಅಮ್ಮ, ಮಗುವಿಗೆ ಎಣ್ಣೆ ಹಚ್ಚಿ, ಬಾತ್‌ಟಬ್ ಒಳಗೇ ಕಾಲು ನೀಡಿ ಕೂತು "ನೀರು ಬಿಡೇ" ಅಂದರು. ನಲ್ಲಿ ತಿರುಗಿಸಿದೆ. ಒಂದು ನಿಮಿಷ, ಎರಡು ನಿಮಿಷ... ಕೈ ಮರಗಟ್ಟುವಂಥ ತಣ್ಣೀರು. ಪಕ್ಕದ ರೇಡಿಯೇಟರ್ ಮುಟ್ಟಿದರೆ ಮಾತ್ರ ಚುರ್ ಅನ್ನುತ್ತೆ!

"ಗೋಡೆ ಕಾಯಿಸೋಕೆ ಬೆಂಕಿ ಇದೆ, ಕೂಸಿಗೆ ಎರಡು ಚೊಂಬು ನೀರು ಕಾಯಿಸೋಕೆ ಇಲ್ವಾ?" ಅಂದರು ಅಮ್ಮ.

ನಗು ಬಂತು. ಆದರೆ ಕೇಳಬೇಕಾಗಿದ್ದ ಪ್ರಶ್ನೆ ಅದೇ.

ಇಲ್ಲಿನ ಕಾಂಬಿ ಬಾಯ್ಲರ್‌ನಲ್ಲಿ, ನಮ್ಮೂರ ಕರೆಂಟ್ ಗೀಸರ್ ಥರ ಬಿಸಿನೀರು ತುಂಬಿಡೋ ಟ್ಯಾಂಕ್ ಇಲ್ಲ. ಒಂದೇ ಬರ್ನರ್, ಎರಡು ಕೆಲಸ: ಮನೆ ಬೆಚ್ಚಗಿಡೋದು, ನಲ್ಲಿಗೆ ಬಿಸಿನೀರು ಕೊಡೋದು. ಬಿಸಿನೀರಿನ ನಲ್ಲಿ ತೆರೆದಾಗ ನೀರು ಹರಿಯೋದು ಒಳಗಿನ ಸೆನ್ಸರ್‌ಗೆ ಗೊತ್ತಾಗುತ್ತೆ. ತೋಟದಲ್ಲಿ ಒಂದು ಕಾಲುವೆಗೆ ಮಣ್ಣು ಕಟ್ಟಿ ನೀರನ್ನು ಇನ್ನೊಂದಕ್ಕೆ ತಿರುಗಿಸ್ತೀವಲ್ಲ, ಹಾಗೆ ಡೈವರ್ಟರ್ ವಾಲ್ವ್ ಅನ್ನೋ ಭಾಗ ರೇಡಿಯೇಟರ್ ಕಡೆ ಹೋಗೋ ಬಿಸಿಯನ್ನು ನಲ್ಲಿ ನೀರಿನ ಕಡೆ ತಿರುಗಿಸುತ್ತೆ. ಅಂದರೆ ರೇಡಿಯೇಟರ್ ಬಿಸಿ ಇದ್ದರೆ ಗ್ಯಾಸ್ ಬರ್ತಿದೆ, ಬರ್ನರ್ ಉರೀತಿದೆ. ತೊಂದರೆ ಇರೋದು ನಲ್ಲಿ ಕಡೆಯ ದಾರಿಯಲ್ಲಿ.

ಇಷ್ಟನ್ನು ನೀವೇ ನೋಡಬಹುದು:

• ಎಲ್ಲ ನಲ್ಲಿಗಳೂ ತಣ್ಣಗಿವೆಯಾ? ಶವರ್ ಒಂದೇ ಆದರೆ ದೋಷ ಶವರ್‌ನದ್ದೇ ಇರಬಹುದು.

• ನಲ್ಲಿ ಚಿತ್ರ ಇರೋ ಗುಂಡಿಯನ್ನು ಯಾರಾದರೂ ಕಡಿಮೆಗೆ ತಿರುಗಿಸಿದ್ದಾರಾ?

• ಪ್ರೆಶರ್ ಎಷ್ಟಿದೆ? ಬಾಯ್ಲರ್ ತಣ್ಣಗಿದ್ದಾಗ ಸಾಮಾನ್ಯವಾಗಿ 1ರಿಂದ 1.5 ಬಾರ್ ಇರಬೇಕು.

• ಎರರ್ ಕೋಡ್ ಇದ್ದರೆ ಫೋಟೊ ತೆಗೆದಿಡಿ. ರೀಸೆಟ್ ಒಂದು ಸಲ ಒತ್ತಿ ನೋಡಿ, ಪದೇ ಪದೇ ಬೇಡ.

• ರೇಡಿಯೇಟರೂ ತಣ್ಣಗಿದ್ದರೆ? ಪ್ರೀಪೇಯ್ಡ್ ಮೀಟರ್‌ನಲ್ಲಿ ದುಡ್ಡು ಮುಗಿದಿರಬಹುದು. ಕೊರೆಯೋ ಚಳಿಯಲ್ಲಿ ಹೊರಗಿನ ಪ್ಲಾಸ್ಟಿಕ್ ಕಂಡೆನ್ಸೇಟ್ ಪೈಪ್ ಹೆಪ್ಪುಗಟ್ಟಿರಬಹುದು. ನೆಲದಲ್ಲಿ ನಿಂತು ಕೈಗೆ ಎಟುಕಿದರೆ ಬೆಚ್ಚಗಿನ ನೀರು ಸುರಿಯಿರಿ, ಕುದಿಯೋ ನೀರು ಬೇಡ.

ನಮ್ಮಲ್ಲಿ ಇದೆಲ್ಲ ಸರಿಯಾಗೇ ಇತ್ತು. ಕೊನೆಗೆ ಹೀಟಿಂಗ್ ಆಫ್ ಮಾಡಿ, ರೇಡಿಯೇಟರ್ ಆರಿದ ಮೇಲೆ ಬಿಸಿನೀರಿನ ನಲ್ಲಿ ತೆರೆದೆ. ಸ್ವಲ್ಪ ಹೊತ್ತಿಗೆ ನೀರು ತಣ್ಣಗೇ ಇತ್ತು, ರೇಡಿಯೇಟರ್ ಬೆಚ್ಚಗಾಗಿತ್ತು! ವಾಲ್ವ್ ರೇಡಿಯೇಟರ್ ಕಡೆಗೇ ಸಿಕ್ಕಿಹಾಕಿಕೊಂಡಿತ್ತು.

ಅಷ್ಟರಲ್ಲಿ ನನ್ನ ಗಂಡ ಒಂದು ಕೈಯಲ್ಲಿ ಯೂಟ್ಯೂಬ್, ಇನ್ನೊಂದು ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು ರೆಡಿ. "ಮುಚ್ಚಳ ತೆಗೆದು ವಾಲ್ವ್‌ಗೆ ಮೆಲ್ಲಗೆ ತಟ್ಟಿದರೆ ಸಾಕಂತೆ."

"ಬೇಡ ಅಳಿಯಂದಿರೇ, ಗ್ಯಾಸ್ ಹತ್ರ ಆಟ ಬೇಡ. ನೀರು ಒಲೆ ಮೇಲೂ ಕಾಯುತ್ತೆ" ಅಂದರು ಅಮ್ಮ, ಕುಕ್ಕರ್ ತುಂಬಾ ನೀರು ಹಿಡೀತಾ.

ಅವರು ಹೇಳಿದ್ದು ಸರಿ. ಎಷ್ಟೋ ಬಾಯ್ಲರ್‌ಗಳಲ್ಲಿ ಮುಂದಿನ ಮುಚ್ಚಳ ಅಂದಕ್ಕಲ್ಲ, ಹೊಗೆ ಮನೆಯೊಳಗೆ ಬರದಂತೆ ತಡೆಯೋದೂ ಅದೇ. ಸರಿಯಾಗಿ ಕೂರದಿದ್ದರೆ ಕಾರ್ಬನ್ ಮಾನಾಕ್ಸೈಡ್ ಸೋರಬಹುದು. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಗಾಳಿಯಾಡದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಹಚ್ಚಿ ಜೀವ ಕಳೆದುಕೊಂಡವರ ಸುದ್ದಿ ಬೆಂಗಳೂರಲ್ಲೂ ಓದಿದ್ದೇವೆ. ಇಲ್ಲಿ ಸಂಬಳಕ್ಕೆ ಗ್ಯಾಸ್ ಕೆಲಸ ಮಾಡೋರು ಗ್ಯಾಸ್ ಸೇಫ್ ರಿಜಿಸ್ಟರ್‌ನಲ್ಲಿ ಇರಲೇಬೇಕು. ಬಾಯ್ಲರ್ ಇರೋ ಕೋಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಹಾಕಿಸೋದು 2022ರ ಅಕ್ಟೋಬರ್‌ನಿಂದ ಇಂಗ್ಲೆಂಡಿನ ಬಾಡಿಗೆ ಮನೆ ಮಾಲೀಕರ ಹೊಣೆ. ನಿಮ್ಮ ಮನೆಯಲ್ಲಿ ಇದೆಯಾ, ಇವತ್ತೇ ನೋಡಿ.

ಇನ್ನೊಂದು ಮಾತು ಒಪ್ಪಿಕೊಳ್ಳಲೇಬೇಕು. ಎರಡು ವಾರದಿಂದ ನೀರು ಆಗಾಗ ಉಗುರುಬೆಚ್ಚಗೆ ಬರ್ತಿತ್ತು. ನನಗೆ ಗೊತ್ತಿತ್ತು, ಸುಮ್ಮನಿದ್ದೆ. "ವೀಸಾ ಮೇಲೆ ಇರೋರು ನಾವು. ಕಿರಿಕಿರಿ ಜನ ಅಂದ್ಕೊಂಡರೆ? ಬಾಡಿಗೆ ಏರಿಸಿದರೆ?" ಅನ್ನೋ ಅಳುಕು. ಆದರೆ ಇಲ್ಲಿನ 1985ರ ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಕಾಯ್ದೆ ಪ್ರಕಾರ ನೀರು ಕಾಯಿಸೋ ವ್ಯವಸ್ಥೆ ರಿಪೇರಿ ಮಾಡಿಸೋದು ಮಾಲೀಕರ ಜವಾಬ್ದಾರಿ. ವೀಸಾಗೂ ಅದಕ್ಕೂ ಸಂಬಂಧ ಇಲ್ಲ. ನಾನು ಕೇಳಬೇಕಿದ್ದದ್ದು ಉಪಕಾರ ಅಲ್ಲ.

ಅವತ್ತೇ ಏಜೆಂಟ್‌ಗೆ ಇಮೇಲ್ ಮಾಡಿದೆ. ಯಾವಾಗಿಂದ ತೊಂದರೆ, ಏನೇನು ನೋಡಿದ್ವಿ, "ಮನೆಯಲ್ಲಿ ಐದು ವಾರದ ಮಗು ಇದೆ", ಎಲ್ಲ ಬರೆದೆ. ಮರುದಿನ ಮೆಕ್ಯಾನಿಕ್ ಬಂದರು. ಕೇಳೋ ಮುಂಚೆನೇ ಗ್ಯಾಸ್ ಸೇಫ್ ಕಾರ್ಡ್ ತೋರಿಸಿದರು. ಅವರಿಗೆ ಯಾವ್ಯಾವ ಕೆಲಸಕ್ಕೆ ಅರ್ಹತೆ ಇದೆ ಅನ್ನೋದು ಕಾರ್ಡಿನ ಹಿಂದೆ ಇರುತ್ತೆ, ಅದನ್ನೂ ನೋಡಬೇಕು. ಒಂದು ಗಂಟೆಯೊಳಗೆ ವಾಲ್ವ್ ಬದಲಾಯಿತು. ಹೋಗ್ತಾ, "ಉಗುರುಬೆಚ್ಚಗೆ ಬರ್ತಿದ್ದಾಗಲೇ ಹೇಳಬೇಕಿತ್ತು" ಅಂದರು. ನಾನು ತಲೆ ಆಡಿಸಿದೆ, ಇನ್ನೇನು ಹೇಳಲಿ?

ಅಮ್ಮ ನಲ್ಲಿ ಕೆಳಗೆ ಮೊಣಕೈ ಒಡ್ಡಿ ನೋಡಿದರು. "ಹಂಡೆ ನೀರಿನ ಹದ ಇಲ್ಲ. ಆದ್ರೂ ಆಗುತ್ತೆ ಬಿಡು. ಎಣ್ಣೆ ಬಟ್ಟಲು ಕೊಡಿಲ್ಲಿ."